‘ಏಳು’ ಅಂದರು, ಹೇಳಿದೆ

ನನ್ನ ಮೇಷ್ಟ್ರಿಗೆ,

ನಾನು ನಿಮ್ಮ ಮುನಿರಾಜ. ಏಳನೇ ಕ್ಲಾಸಿನ ಕಿಟಕಿ ಪಕ್ಕದವನು, ‘ಹ’ ಬಾರದವನು. ನೀವು ಹೋಗಿ ಎರಡು ವರ್ಷವಾಯಿತು. ಒಂದು ಕಾಗದ ಬರೆಯೋಕೆ ಇಷ್ಟು ದಿನ ಬೇಕಾಯಿತೇನೋ ಎಂದು ಬೈಯಬೇಡಿ. ತಪ್ಪಿಲ್ಲದೆ ಬರೆಯಲು ಕೂತರೆ ನನಗೆ ಪುಟಕ್ಕೊಂದು ದಿನ ಹಿಡಿಯುತ್ತದೆ ಎನ್ನುವುದು ನಿಮಗೇ ಗೊತ್ತು. ಆದರೆ ಇವತ್ತು ಬರೆಯಲೇಬೇಕು, ಯಾಕೆಂದರೆ ನಾಳೆ ಕೋರ್ಟಿದೆ. ಹೌದು, ಕೋರ್ಟು. ಆರೋಪಿ ನಾನೇ. ಕಳ್ಳತನವಲ್ಲ, ಹೊಡೆದಾಟವಲ್ಲ. ನಿಮ್ಮ ಶಾಲೆಯ ಮುಂದಿನ ಫುಟ್‌ಪಾತ್ ಮೇಲೆ ಕೂತು ಮಾತಾಡಿದ್ದಕ್ಕೆ.

ಆ ದಿನ ನೆನಪಿದೆಯಾ ನಿಮಗೆ? ಕ್ಲಾಸಿಗೆ ಬಂದವರೇ ನನ್ನ ಕಡೆ ಬೆರಳು ತೋರಿಸಿ, “ಏಳೋ ಮುನಿರಾಜ” ಅಂದಿರಿ. ನಾನು ಕೂತಲ್ಲಿಂದಲೇ ಶುರು ಹಚ್ಚಿಕೊಂಡೆ, “ಏಳೊಂದ್ಲ ಏಳು, ಏಳೆರಡ್ಲ ಹದಿನಾಲ್ಕು...” ಮಗ್ಗಿ ಹೇಳು ಅಂದಿರಿ ಎಂದುಕೊಂಡಿದ್ದೆ. ನಮ್ಮೂರಿನ ಬಾಯಲ್ಲಿ ಎದ್ದು ನಿಲ್ಲುವುದೂ ಏಳೋದೇ, ಹೇಳುವುದೂ ಏಳೋದೇ, ಲೆಕ್ಕದ ಏಳೂ ಏಳೇ. ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ನೀವು ಬೆತ್ತಕ್ಕೆ ಕೈ ಹಾಕಲಿಲ್ಲ. ನನ್ನ ಅಂಗೈಯನ್ನೇ ನನ್ನ ಬಾಯಿಯ ಮುಂದೆ ಹಿಡಿಸಿ, “ಬಿಸಿ ಉಸಿರು ತಗುಲಿದರೆ ಹ, ತಗುಲದಿದ್ದರೆ ಅ. ಈಗ ಎದ್ದು ನಿಂತು ಹೇಳು. ಕೂತು ಗೊಣಗಬೇಡ” ಅಂದಿರಿ. ಒಂದು ತಿಂಗಳು ಬಾಯಿ ಮುಂದೆ ಕೈ ಹಿಡಿದೇ ಓಡಾಡಿದೆ. ನಮ್ಮವ್ವ, “ಪಾಪ, ಮಗೀಗೆ ಅಲ್ಲು ನೋವು” ಎಂದು ಲವಂಗ ಕಚ್ಚಿಸಿದ್ದಳು.

ಈಗ ಕೇಳಿ, ಯಲಹಂಕದಿಂದ ದೇವನಹಳ್ಳಿವರೆಗೆ ನನ್ನಷ್ಟು ಚೊಕ್ಕವಾಗಿ ಹ ಹೇಳುವ ಗಂಡಸು ಇನ್ನೊಬ್ಬನಿಲ್ಲ. ಸಿಟ್ಟು ಬಂದಾಗ, ಅವಸರವಾದಾಗ ಮಾತ್ರ ಅದು ಬೇಲಿ ಹಾರಿ ಓಡಿಹೋಗುತ್ತದೆ, ಅಷ್ಟೇ.

ನಮ್ಮ ದ್ರಾಕ್ಷಿ ತೋಟದಿಂದ ನಿಮ್ಮ ಮೇಜಿಗೆ ಗೊಂಚಲು ತಂದಿಟ್ಟಾಗಲೆಲ್ಲ, “ಪರೀಕ್ಷೆಯಲ್ಲಿ ಇದಕ್ಕೆ ಮಾರ್ಕ್ಸ್ ಇಲ್ಲ ಕಣೋ” ಎನ್ನುತ್ತಲೇ ತಿನ್ನುತ್ತಿದ್ದಿರಿ. ಆ ತೋಟ ಈಗಿಲ್ಲ. ಅಲ್ಲಿ ಹದಿನಾಲ್ಕು ಅಂತಸ್ತಿನ ಅಪಾರ್ಟ್‌ಮೆಂಟ್ ಎದ್ದಿದೆ. ಮಾರಿದವನು ನಾನೇ, ಮುಚ್ಚಿಡುವುದೇನು? ಅಪಾರ್ಟ್‌ಮೆಂಟಿನವರು ಅಂದಕ್ಕೆಂದು ಗೇಟಿನಿಂದ ನಿಮ್ಮ ಶಾಲೆಯ ಕಾಂಪೌಂಡಿನವರೆಗೆ ಫುಟ್‌ಪಾತ್ ತುಂಬ ಸಿಮೆಂಟಿನ ಹೂಕುಂಡಗಳನ್ನು ಸಾಲಾಗಿ ಇಟ್ಟರು. ಶಾಲೆಗೆ ಬರುವ ಮಕ್ಕಳು ರಸ್ತೆಗಿಳಿದರು. ಅದೇ ರಸ್ತೆಯಲ್ಲಿ ನೀರಿನ ಟ್ಯಾಂಕರುಗಳು ಹೆಂಗೆ ಓಡುತ್ತವೆ ಗೊತ್ತಲ್ಲ? ಬಿಸಿಯೂಟದ ಜಯಮ್ಮ ಇದ್ದಾಳಲ್ಲ, ನಿಮ್ಮ ಸಾರಿಗೆ ಬೇರೆಯಾಗಿ ಒಗ್ಗರಣೆ ಹಾಕಿಕೊಡುತ್ತಿದ್ದವಳು, ಒಂದು ಬೆಳಿಗ್ಗೆ ಸೊಪ್ಪಿನ ಚೀಲ ಹಿಡಿದು ಹೂಕುಂಡ ಸುತ್ತಿಕೊಂಡು ಬರುವಾಗ ಟ್ಯಾಂಕರ್ ಚಕ್ರ ಅವಳ ಪಾದದ ಮೇಲೆ ಹೋಯಿತು.

ಕುಂಡ ತೆಗೆಸಿ ಎಂದು ಕಾರ್ಪೊರೇಷನ್ ಆಫೀಸಿಗೆ ಅರ್ಜಿ ಕೊಟ್ಟೆವು. ಮೂರು ಸಲ ಕೊಟ್ಟೆವು. ಮೂರನೆಯ ಸಲ ಅಲ್ಲಿನ ಗುಮಾಸ್ತ, “ಯಜಮಾನ್ರೇ, ಹಳೇ ಅರ್ಜಿ ಎಲ್ಲಿದೆ ಅಂತ ಹುಡುಕೋಕೆ ಒಂದು ಅರ್ಜಿ ಕೊಡಿ” ಅಂದ. ಆಗ ನಿರ್ಧಾರ ಮಾಡಿದೆ. ರಟ್ಟಿನ ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ ‘ಮಕ್ಕಳಿಗೆ ಹಾದಿ ಬಿಡಿ’ ಎಂದು ಬರೆದೆ. ಅಂಗೈ ಹಿಡಿದು ಓದಿ ನೋಡಿದೆ, ಹಾದಿಯಲ್ಲಿ ಉಸಿರಿತ್ತು.

ಕುಂಡಗಳ ಸಾಲು ಮುಗಿಯುವ ಕಡೆ ನಾವು ಐದು ಜನ ಕೂತೆವು. ಕಾಲಿಗೆ ಪಟ್ಟಿ ಹಾಕಿಕೊಂಡ ಜಯಮ್ಮ ಕುರ್ಚಿಯಲ್ಲಿ, ನಾನು ಚಾಪೆಯ ಮೇಲೆ. ನನ್ನ ಅಕ್ಕನ ಮಗಳು ಶ್ವೇತಾ ಮತ್ತಿಕೆರೆಯಲ್ಲಿ ರೂಮು ಮಾಡಿಕೊಂಡು ಲಾ ಓದುತ್ತಿದ್ದಾಳೆ, ಅವಳೂ ಬಂದಿದ್ದಳು. ಉಳಿದಿಬ್ಬರು ಮಕ್ಕಳ ತಾಯಂದಿರು. ನಡೆಯುವವರಿಗೆ ಅಂತ ಇಬ್ಬರು ಪಕ್ಕಪಕ್ಕ ಹೋಗುವಷ್ಟು ಜಾಗ ಬಿಟ್ಟಿದ್ದೆವು. ಮೈಕಿಲ್ಲ, ಕೂಗಾಟವಿಲ್ಲ. ಹೋಗಿಬರುವವರು ರೇಗಿಸುತ್ತಿದ್ದರು, “ಏನ್ ಮುನಿರಾಜಣ್ಣ, ಜಾಗ ಮಾರಿದೋನೂ ನೀನೇ, ಧರಣಿ ಕೂತೋನೂ ನೀನೇ!” ಬಿಡುತ್ತೇನೆಯೇ? “ತೋಟ ಮಾರಿದ್ದೆ ಕಣಪ್ಪ, ಆದಿ ಮಾರಿರಲಿಲ್ಲ” ಅಂದೆ. ಹ ಹಾರಿಹೋಗಿತ್ತು, ಆದರೂ ಎಲ್ಲರಿಗೂ ಅರ್ಥವಾಯಿತು.

ಒಂಬತ್ತೂವರೆಗೆ ಪೊಲೀಸರ ಹೊಯ್ಸಳ ಗಾಡಿ ಬಂತು. ನಮ್ಮವರ ಬಾಯಲ್ಲಿ ಅದು ‘ಒಯ್ಸಳ’. ಒಯ್ಯೋಕೇ ಬರುವ ಗಾಡಿ, ಹೆಸರು ಸರಿಯಾಗಿಯೇ ಇದೆ. ಹಿಂದೆಯೇ ಜೀಪಿನಲ್ಲಿ ಸಬ್ ಇನ್‌ಸ್ಪೆಕ್ಟರ್ ಬಂದರು. ಹೊಸಬರು, ನನ್ನ ಮಗನ ವಯಸ್ಸು.

“ಪರ್ಮಿಷನ್ ಇದ್ಯೇನ್ರೀ? ಪ್ರತಿಭಟನೆ ಏನಿದ್ರೂ ಮೆಜೆಸ್ಟಿಕ್ ಕಡೆ ಪಾರ್ಕಿದೆ, ಅಲ್ಲೋಗಿ ಮಾಡ್ಕೊಳಿ.”

“ಆ ಪಾರ್ಕಲ್ಲಿ ಟ್ಯಾಂಕರ್ ಓಡಾಡಲ್ವಲ್ಲ ಸಾರ್” ಅಂದಳು ಜಯಮ್ಮ.

“ಪಬ್ಲಿಕ್ ಓಡಾಟಕ್ಕೆ ತೊಂದರೆ ಆಗ್ತಿದೆ ಅಂತ ಕಂಪ್ಲೇಂಟ್ ಬಂದಿದೆ.”

ನಾನು ಹೂಕುಂಡಗಳ ಕಡೆ ನೋಡಿದೆ. ಅವರೂ ಒಂದು ಸಲ ನೋಡಿದರು. ಆಮೇಲೆ ನನ್ನ ಮುಂದೆ ಬಂದು ನಿಂತು, “ಏಳಯ್ಯ, ಏಳು” ಅಂದರು.

“ಏಳ್ತೀನಿ ಸಾರ್” ಎಂದವನೇ ಕೂತಲ್ಲಿಂದಲೇ ಶುರು ಮಾಡಿದೆ. ಅರ್ಜಿ ಕೊಟ್ಟಿದ್ದು, ಗುಮಾಸ್ತ ಅಂದಿದ್ದು, ಜಯಮ್ಮನ ಪಾದ, ಸೊಪ್ಪಿನ ಚೀಲ, ಎಲ್ಲ.

“ಏಯ್! ಏಳು ಅಂದೆ!”

“ಏಳ್ತಾನೇ ಇದೀನಲ್ಲ ಸಾರ್, ಪೂರ್ತಿ ಕೇಳಿ.”

ಬಸ್ಸಿಗೆ ಕಾಯುತ್ತಿದ್ದವರೆಲ್ಲ ಗೊಳ್ಳೆಂದರು. ನಿಮ್ಮ ಕ್ಲಾಸು ನಕ್ಕಿತ್ತಲ್ಲ, ಥೇಟ್ ಹಾಗೆ. ಆ ನಗುವನ್ನು ಸಬ್ ಇನ್‌ಸ್ಪೆಕ್ಟರಿಗೆ ಸಹಿಸಲಾಗಲಿಲ್ಲ. ಕಾನ್‌ಸ್ಟೇಬಲ್ ಒಬ್ಬ ನನ್ನ ಕಾಲರ್ ಹಿಡಿದು ಎತ್ತಿದ, ಎರಡು ಗುಂಡಿ ಕಿತ್ತು ಚರಂಡಿಗೆ ಬಿದ್ದವು. ಬೋರ್ಡನ್ನು ಮಂಡಿಗೆ ಕೊಟ್ಟು ಮುರಿದರು. ವಿಡಿಯೋ ಮಾಡುತ್ತಿದ್ದ ಶ್ವೇತಾಳ ಮೊಬೈಲ್ ಕಿತ್ತುಕೊಂಡರು. “ಮಾವನ್ನ ಯಾಕೆ ಕರ್ಕೊಂಡ್ ಹೋಗ್ತಿದೀರ, ಬರೆದುಕೊಡಿ ಸಾರ್” ಎಂದು ಅವಳು ಜೀಪಿನ ಬಾಗಿಲು ಹಿಡಿದು ಕೇಳುತ್ತಲೇ ಇದ್ದಳು. ಯಾರೂ ಬರೆದುಕೊಡಲಿಲ್ಲ.

ಠಾಣೆಯ ಬೆಂಚಿನ ಮೇಲೆ ಕೂತಾಗ ಹುಲಿಯ ಹಾಗೆ ಕೂತಿದ್ದೆ ಎಂದು ಊರಿನವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ನಿಮಗೆ ನಿಜ ಹೇಳುತ್ತೇನೆ. ಗುಂಡಿ ಇಲ್ಲದ ಅಂಗಿಯನ್ನು ಮಧ್ಯಾಹ್ನ ಮೂರರವರೆಗೆ ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ. ಅಲ್ಲಿ ಬರವಣಿಗೆ ನೋಡಿಕೊಳ್ಳುವ ಪೊಲೀಸಪ್ಪ, ‘ರೈಟರ್’ ಅಂತಾರೆ ಅವರನ್ನು, ಒಳ್ಳೆಯ ಮನುಷ್ಯ. ಟೀ ತರಿಸಿಕೊಟ್ಟು ಒಂದು ಹಾಳೆ ಮುಂದಿಟ್ಟರು. ಮುಚ್ಚಳಿಕೆ. ‘ನನ್ನಿಂದ ತಪ್ಪಾಗಿದೆ, ಸದರಿ ಸ್ಥಳದಲ್ಲಿ ಇನ್ನು ಮುಂದೆ ಕೂರುವುದಿಲ್ಲ, ಮಾತನಾಡುವುದಿಲ್ಲ.’

“ಸೈನ್ ಹಾಕಿ ಮನೆಗೋಗಿ ಮುದ್ದೆ ಉಣ್ಣಿ ಯಜಮಾನ್ರೇ. ಯಾಕೆ ಈ ವಯಸ್ಸಲ್ಲಿ?”

“ಇದು ಬಾಯಿಗೆ ಮುಚ್ಚಳ ಅಲ್ವ ಸಾರ್? ನನ್ನ ಬಾಯಿ ಅಳತೆಗೆ ಚಿಕ್ಕದಾಯ್ತು” ಅಂದೆ.

ಅವರು ನಗು ತಡೆದುಕೊಂಡರು. ಸಬ್ ಇನ್‌ಸ್ಪೆಕ್ಟರ್ ಸಿಟ್ಟು ತಡೆದುಕೊಳ್ಳಲಿಲ್ಲ, ಕೇಸು ಹಾಕಿದರು. ಓಡಾಟಕ್ಕೆ ಅಡ್ಡಿ, ಏಳು ಎಂದು ಆದೇಶಿಸಿದರೂ ಏಳಲಿಲ್ಲ. ಕರೆದಾಗ ಕೋರ್ಟಿಗೆ ಬಾ ಎಂದು ಹೇಳಿ ಮನೆಗೆ ಬಿಟ್ಟರು.

ನಿಮ್ಮ ಕೊನೆಯ ಮಧ್ಯಾಹ್ನ ಆಸ್ಪತ್ರೆಯಲ್ಲಿ ನಾನಿದ್ದೆ. ನಿಮಗೆ ಗೊತ್ತಾಯಿತೋ ಇಲ್ಲವೋ. ಮಾತು ನಿಂತುಹೋಗಿತ್ತು. ನಿಮ್ಮ ಮಗಳು ಡಾಕ್ಟರನ್ನು ಕರೆಯಲು ಓಡಿದಳು. ನನಗೇನೂ ತೋಚಲಿಲ್ಲ, ನನ್ನ ಅಂಗೈಯನ್ನು ನಿಮ್ಮ ಬಾಯಿಯ ಮುಂದೆ ಹಿಡಿದೆ. ಒಂದು ಸಲ ಬಿಸಿ ತಗುಲಿತು. ಇನ್ನೊಂದು ಸಲ. ಆಮೇಲೆ... ಆಮೇಲೂ ಬಹಳ ಹೊತ್ತು ಕೈ ತೆಗೆಯಲಿಲ್ಲ ಮೇಷ್ಟ್ರೇ.

ಹೋದ ವಾರ ಶ್ವೇತಾ ತನಗೆ ಪರಿಚಯದ ಲಾಯರೊಬ್ಬರ ಹತ್ತಿರ ಕರೆದುಕೊಂಡು ಹೋದಳು. ಕಥೆ ಕೇಳಿ ಅವರು ಕುರ್ಚಿಯಲ್ಲೇ ಕುಣಿದುಬಿಟ್ಟರು. “ಇದಕ್ಕಿಂತ ಬೇಕಾ ಯಜಮಾನ್ರೇ! ‘ನಾನು ಹಳ್ಳಿಯವನು ಸ್ವಾಮಿ, ನಮ್ಮ ಕಡೆ ಹ ಇಲ್ಲ, ಹೇಳು ಅಂದಂಗೆ ಕೇಳಿಸ್ತು’ ಅಂದುಬಿಡಿ. ಜಡ್ಜೂ ನಗ್ತಾರೆ. ಕೇಸು ಅಲ್ಲೇ ಮುಗೀತು.”

ಎಷ್ಟು ಸುಲಭ! ಎಂಥ ಚೆಂದದ ಬಾಗಿಲು! ಮನೆಯವಳೂ ಅದನ್ನೇ ಅಂದಳು, “ಇಷ್ಟು ದಿನ ಊರೆಲ್ಲ ಸುಳ್ಳು ಜಂಬ ಕೊಚ್ಚಿದ್ದೀಯ, ಇದೊಂದು ಸುಳ್ಳು ಹೇಳೋಕೆ ಏನ್ ರೋಗ?” ಎರಡು ದಿನ ನಾನೂ ಅದನ್ನೇ ಕನ್ನಡಿ ಮುಂದೆ ಅಭ್ಯಾಸ ಮಾಡಿದೆ. ಬಾಯಿ ಸೊಟ್ಟಗೆ ಮಾಡಿ, ಕೈ ಮುಗಿದು, “ಸ್ವಾಮಿ, ಅಳ್ಳಿಯವನು...”

ಆಗಲಿಲ್ಲ ಮೇಷ್ಟ್ರೇ. ಯಾಕೆಂದರೆ ಅದು ನಿಜವಲ್ಲ. ಊರಿಗೆಲ್ಲ ಕಿವಿ ಮೋಸ ಮಾಡಿತು ಎಂದಿದ್ದೇನೆ, ಶ್ವೇತಾಳಿಗೂ ಹಾಗೇ ಹೇಳಿದ್ದೆ. ನಿಮ್ಮ ಮುಂದೆ ಆ ಆಟ ನಡೆಯುವುದಿಲ್ಲ. ಅವರು ‘ಏಳು’ ಅಂದದ್ದು ನನಗೆ ಸರಿಯಾಗಿಯೇ ಕೇಳಿಸಿತ್ತು. ಏಳು ಎಂದರೆ ಏಳು, ಎದ್ದು ಹೊರಡು. ನಾನು ಏಳಲಿಲ್ಲ, ಯಾಕೆಂದರೆ ನನ್ನ ಮಾತು ಮುಗಿದಿರಲಿಲ್ಲ. ಕಿವಿ ಕೇಳದ ಹಳ್ಳಿ ಗಮಾರ ಎಂದು ಬಿಟ್ಟುಕಳಿಸಿದರೆ ಬಚಾವಾಗುವುದು ನಾನೊಬ್ಬ. ನಾಳೆ ಆ ಕುಂಡಗಳ ಪಕ್ಕ ಕೂರುವ ತಾಯಂದಿರು ಯಾವ ಕಿವಿ ತೋರಿಸಬೇಕು?

ನಿನ್ನೆ ಶ್ವೇತಾಳಿಗೆ ನಿಜ ಹೇಳಿದೆ. ಅವಳು ಓದುತ್ತಿದ್ದ ಪುಸ್ತಕ ಮುಚ್ಚಿಟ್ಟಳು. “ದಂಡ ಬೀಳಬಹುದು ಮಾವ.”

“ಬೀಳಲಿ. ಕೂತು ಮಾತಾಡೋ ಹಕ್ಕು ನಮಗಿದೆಯೋ ಇಲ್ವೋ?”

“ಇದೆ. ಆಯುಧ ಇಲ್ದೆ, ಯಾರ ಹಾದೀನೂ ಕಟ್ಟದೆ ಕೂತು ಮಾತಾಡ್ಬಹುದು. ಟ್ರಾಫಿಕ್ಕಿಗೋಸ್ಕರ ಸ್ವಲ್ಪ ಆಚೆ ಕೂರಿ ಅಂತ ಪೊಲೀಸ್ರು ಹೇಳಬಹುದು. ಬಾಯೇ ಮುಚ್ಚಿ ಅನ್ನೋಹಾಗಿಲ್ಲ.”

“ಮತ್ತೆ? ಇದನ್ನೇ ಅಲ್ವೇನೇ ನಾನು ಜಡ್ಜ್ ಮುಂದೆ ಹೇಳಬೇಕಾಗಿರೋದು?”

ಅವಳು ನಕ್ಕಳು. “ಮಾವ, ಈಗ ‘ಹಕ್ಕು’ ಅಂದ್ಯಲ್ಲ, ಹ ಎಷ್ಟು ಸ್ಪಷ್ಟವಾಗಿ ಬಂತು ಗೊತ್ತಾ!” ಸಿಟ್ಟಿನಲ್ಲಿದ್ದೆ ಮೇಷ್ಟ್ರೇ, ಆದರೂ ಬಂತು.

ನೀವು ಕೇಳದೇ ಹೋದ ಸುದ್ದಿ ಇನ್ನೂ ಇದೆ. ಕುಂಡಗಳು ಇದ್ದಲ್ಲೇ ಇವೆ. ಆದರೆ ದಿನಾ ಬೆಳಿಗ್ಗೆ ಶಾಲೆ ಗಂಟೆಯ ಹೊತ್ತಿಗೆ ಜಯಮ್ಮ ಕುರ್ಚಿ ಹಾಕಿಸಿಕೊಂಡು ಕೂರುತ್ತಾಳೆ. ಐದು ಜನ ಇದ್ದವರು ಹನ್ನೊಂದಾಗಿದ್ದೇವೆ. ಮುರಿದ ಬೋರ್ಡಿಗೆ ಹಿಂದಿನಿಂದ ಪಟ್ಟಿ ಹೊಡೆದಿದ್ದೇನೆ. ಮಡಿಕೆ ಸರಿಯಾಗಿ ‘ಹಾದಿ’ಯ ನಡುವೆ ಬಂದಿದೆ, ಓದೋಕೆ ತೊಂದರೆಯಿಲ್ಲ.

ಈ ಕಾಗದ ನಿಮ್ಮ ಶಾಲೆಯ ಜಗುಲಿಯಲ್ಲೇ ಕೂತು ಬರೆಯುತ್ತಿದ್ದೇನೆ. ಒಳಗೆ ಯಾವುದೋ ಮಗು ಏಳರ ಮಗ್ಗಿಯಲ್ಲಿ ತಡವರಿಸುತ್ತಿದೆ. ಹೊಸ ಅಂಗಿ ಇಸ್ತ್ರಿ ಮಾಡಿಸಿದ್ದೇನೆ, ಗುಂಡಿಗಳನ್ನು ಮನೆಯವಳು ಎರಡೆರಡು ದಾರ ಹಾಕಿ ಹೊಲಿದಿದ್ದಾಳೆ. ನಾಳೆ ಬೆಂಚ್ ಕ್ಲರ್ಕ್ ನನ್ನ ಹೆಸರು ಕೂಗುತ್ತಾನಂತೆ. ಕೂಗಿದ ಕೂಡಲೇ ಏಳುತ್ತೇನೆ. ಎದ್ದು ನಿಂತ ಮೇಲೆ ಹೇಳುತ್ತೇನೆ. ಎರಡೂ ಬೇರೆ ಬೇರೆ ಮಾತು ಎಂದು ಹಿಂದಿನ ಬೆಂಚಿನವರಿಗೂ ಕೇಳಿಸಬೇಕು, ಹಾಗೆ.

ಅಂಗೈ ಬಾಯಿ ಮುಂದೆ ಹಿಡಿದುಕೊಂಡೇ,
ನಿಮ್ಮ ಮುನಿರಾಜ