ನೀರೊಲೆಯ ಬೂದಿ

ಯೋಗೀಶನ ಅಪ್ಪಾ,

ಕೂಸಿಗೆ ಮತ್ತೆ ಫಿಟ್ಸ್ ಬಂತು, ಎತ್ತಿಕೊಂಡು ಬಳ್ಳಾರಿ ಆಸ್ಪತ್ರೆಗೆ ಹೊರಟೆ. ರಕ್ತದಲ್ಲಿ ಸೀಸ ಸೇರಿದೆ ಅಂತ ಡಾಕ್ಟರು ಫೋನ್ ಮಾಡಿದ್ದರು.

ತಾಮ್ರ ಸಿಗುತ್ತದಂತ ನೀವು ನೀರೊಲೆಗೆ ಜೀನ್ಸ್ ಚಿಂದಿ ಒಟ್ಟಿ ಹಳೇ ಟಿವಿ, ಮೊಬೈಲು ಸುಟ್ಟಿರಿ. ಬೇಡವೆಂದರೆ, “ಹೊಗಿ ಮ್ಯಾಲ ಹೋಗತೈತಿ ಬಿಡು” ಅಂದಿರಿ. ಅವುಗಳೊಳಗಿನ ಸೀಸ ಒಲೆಯ ಬೂದಿಯಲ್ಲೇ ಉಳಿಯಿತು. ಅತ್ತೆ ದಿನಾ ಅದರಲ್ಲೇ ಪಾತ್ರೆ ತಿಕ್ಕಿದರು.

ಉಳಿದ ಟಿವಿ, ಮೊಬೈಲಿನ ಮೂಟೆಯನ್ನು ಸುಡಬ್ಯಾಡ್ರಿ, ತಿಪ್ಪೆಗೂ ಸುರಿಯಬ್ಯಾಡ್ರಿ. ಮುನಿಸಿಪಾಲಿಟಿ ಗಾಡಿಯವರು ಇಂಥವನ್ನು ಬೇರೆಯಾಗಿ ತಗೋತಾರೆ, ಅವರಿಗೇ ಕೊಡ್ರಿ. ಬೂದಿಗೆ ನೀರು ಚಿಮುಕಿಸಿ, ಡಬ್ಬಿಗೆ ತುಂಬಿ, ಮುಚ್ಚಳ ಬಿಗಿದು ಅದನ್ನೂ ಕೊಡ್ರಿ.

ಅತ್ತೆಗೆ ಪಾತ್ರೆ ಸೋಪು ತಂದಿಡ್ರಿ. ಯಾಕ ಅಂತ ಕೇಳಿದರೆ ಬೂದಿಯ ವಿಷಯ ಹೇಳಬ್ಯಾಡ್ರಿ. ಮೊಮ್ಮಗನದು ಅಂತ ಹಾಲಿನ ಲೋಟವನ್ನು ಮಾತ್ರ ಅವರು ಎರಡೆರಡು ಸಲ ತಿಕ್ಕುತ್ತಿದ್ದರು.