ಹಿತ್ತಿಲ ಗೋಡೆಗೆ ಬರುವ ಕಯೋಟಿ

ಟೂಸಾನ್, ಏಪ್ರಿಲ್ ೨೨

ಪಕ್ಕದ ಮನೆಯ ವೆಂಡೆಲ್ ಅವರಿಗೆ,

ನಿಮ್ಮ ಪುಟ್ಟ ನಾಯಿ ಪಿಪ್ಪಾಳನ್ನು ಕಯೋಟಿ ತೋಳ ಹೊತ್ತೊಯ್ದ ದಿನ ನೀವು ನನ್ನ ಬಾಗಿಲಲ್ಲಿ ನಿಂತು, "ಯಾರೋ ಅದಕ್ಕೆ ಊಟ ಹಾಕಿ ರೂಢಿ ಮಾಡ್ಸಿದಾರೆ, ಎಲ್ವೀರಾ. ಇಲ್ದಿದ್ರೆ ಹಾಡುಹಗಲೇ ಅಂಗಳಕ್ಕೆ ನುಗ್ಗೋ ಧೈರ್ಯ ಅದಕ್ಕೆಲ್ಲಿಂದ ಬರ್ಬೇಕು?" ಎಂದಿರಿ. ನಾನು ಕಾಫಿ ಕೊಟ್ಟು ಕಳಿಸಿದೆ.

ಊಟ ಹಾಕಿದವಳು ನಾನೇ.

ನನ್ನ ಗಂಡ ರಮೀರೊ ತೀರಿಕೊಂಡ ಮೇಲೂ ಇಬ್ಬರಿಗಾಗುವಷ್ಟು ಅಡುಗೆ ಮಾಡುವ ಅಭ್ಯಾಸ ನನಗೆ ತಪ್ಪಲಿಲ್ಲ. ಉಳಿದ ಕೋಳಿಯನ್ನು ಹಿತ್ತಿಲ ಗೋಡೆಯ ಬುಡದಲ್ಲಿಟ್ಟು, ಬಾ ಎಂದು ಕರೆಯುತ್ತಿದ್ದೆ. ಗಂಡು ಹೆಣ್ಣು ಎರಡೂ ಬರುತ್ತಿದ್ದವು. ಅವು ತಿನ್ನುವಾಗ ಕಿಟಕಿಯಲ್ಲಿ ಕೂತು ನಾನೂ ಉಣ್ಣುತ್ತಿದ್ದೆ.

ಮೊನ್ನೆ ವನ್ಯಜೀವಿ ಇಲಾಖೆಯವರು ಹೆಣ್ಣನ್ನು ಗುಂಡಿಕ್ಕಿ ಕೊಂದರು. "ಮೊಲೇಲಿ ಹಾಲಿತ್ತಮ್ಮ, ಎಲ್ಲೋ ಮರಿಗಳಿವೆ" ಎಂದ ಬಂದಿದ್ದ ಅಧಿಕಾರಿ. "ಗಂಡು ಸಾಕಿಕೊಳ್ಳತ್ತೆ. ಆದ್ರೆ ಅದೂ ಮನೆಗಳ ಹತ್ರ ಬಂದ್ರೆ ಅದನ್ನೂ ಹೊಡೀಬೇಕಾಗತ್ತೆ."

ಆ ಗಂಡು ದಿನಾ ಮಧ್ಯಾಹ್ನ ಬರುತ್ತಿದೆ. ಈಗ ನಾನು ಏನೂ ಇಡುತ್ತಿಲ್ಲ, ಆದರೂ ಕಾಯುತ್ತದೆ.

ನನ್ನನ್ನು ಕ್ಷಮಿಸಿ ಎನ್ನುವುದಿಲ್ಲ. ಒಂದು ಉಪಕಾರ ಮಾಡಿ: ನಾಳೆಯಿಂದ ನೀವು ಬಂದು ಗದರಿಸಿ, ನೀರೆರಚಿ ಅದನ್ನು ಓಡಿಸಬೇಕು. ನಾನು ಎಷ್ಟು ಕೂಗಿದರೂ ಅದು ಓಡುವುದಿಲ್ಲ. ಕರೆದೆನೆಂದುಕೊಂಡು ಹತ್ತಿರ ಬರುತ್ತದೆ.

ನಿಮ್ಮ ನೆರೆಯವಳು,
ಎಲ್ವೀರಾ