ಬಲೆ ಕೊಟ್ಟಿಗೆಯಲ್ಲಿ ಉಳಿದ ಒಂದು ಹುಟ್ಟು

ಉಪ್ಪುಂದ
೧೨–೧೦–೧೯೬೮

ಪ್ರೀತಿಯ ತಮ್ಮ ಪ್ರೇಮಾನಂದನಿಗೆ ವನಜಕ್ಕನ ಆಶೀರ್ವಾದ.

ಕೆಮ್ಮು ಕಡಿಮೆಯಾಯಿತಾ? ಬೊಂಬಾಯಿಯ ಹೋಟೆಲಿನಲ್ಲಿ ಕೆಲಸ ಅಂತ ಬರೀ ಚಹಾದಲ್ಲೇ ಹೊಟ್ಟೆ ತುಂಬಿಸಿಕೊಳ್ಳಬೇಡ, ಎರಡು ಹೊತ್ತು ಗಂಜಿಯನ್ನಾದರೂ ಉಣ್ಣು. ಅಮ್ಮನ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ಗಟ್ಟಿ. ಪೋಸ್ಟ್‌ಮ್ಯಾನ್ ನಮ್ಮ ಮನೆ ದಾಟಿ ಹೋದರೆ ಸಾಕು, ನಿನ್ನ ಮೇಲಿನ ಸಿಟ್ಟೆಲ್ಲ ನನ್ನ ಮೇಲೆ. ಮೂರು ಸಾಲು ಬರೆದರೆ ನಿನ್ನ ಗಂಟೇನು ಹೋಗುತ್ತದೆ ಮಾರಾಯ?

ಈಗ ಊರಿನ ಸುದ್ದಿ. ಕಡಲ ಬದಿಯ ಬಲೆ ಕೊಟ್ಟಿಗೆ, ಅಜ್ಜನ ಕಾಲದಲ್ಲಿ ಕೇರಿಯವರೆಲ್ಲ ಕಲ್ಲು ಹೊತ್ತು ಕಟ್ಟಿದ್ದು, ಅದು ಎಂಥಾ ಗತಿಗೆ ಬಂದಿದೆ ಗೊತ್ತಾ? ನೂಲಿನ ಬಲೆ ಇದ್ದಾಗ ಮರದ ತೊಗಟೆ ಬೇಯಿಸಿ ಬಲೆಗೆ ಬಣ್ಣ ಕೊಡುವುದು, ಒಣಗಿಸುವುದು ಎಲ್ಲ ಅಲ್ಲೇ. ನೈಲಾನ್ ಬಲೆ ಬಂದ ಮೇಲೆ ಅಲ್ಲಿ ಹೆಗ್ಗಣಗಳದೇ ಸಂಸಾರ. ಪಕ್ಕದ ಮನೆಯ ಜಲಜ ಮತ್ತು ನಾನು, ಮೀನು ಮಾರುವ ಹೆಂಗಸರನ್ನೆಲ್ಲ ಸೇರಿಸಿ ಒಂದು ಮಾತು ಎತ್ತಿದೆವು, ಅದನ್ನು ಐಸು ಕೋಣೆ ಮಾಡುವ ಅಂತ. ಕುಂದಾಪುರದಿಂದ ಲಾರಿಯಲ್ಲಿ ಐಸು ತರಿಸಿ ಭತ್ತದ ಹೊಟ್ಟಿನಲ್ಲಿ ಮುಚ್ಚಿಟ್ಟರೆ ಬಂಗುಡೆ ಮಾರನೇ ದಿನಕ್ಕೂ ನಿಲ್ಲುತ್ತದೆ. ಈಗಿನ ಅವಸ್ಥೆ ನಿನಗೆ ಗೊತ್ತಲ್ಲ. ಹೊತ್ತು ಏರಿದಂತೆ ಮೀನು ಮೆತ್ತಗಾಗುತ್ತದೆ, ದಲ್ಲಾಳಿ ಕೇಳಿದ ರೇಟಿಗೆ ಕೊಟ್ಟು ಬರುವುದು. ಮೊನ್ನೆ ಒಂದು ಬುಟ್ಟಿ ಮೀನನ್ನು ತೆಂಗಿನ ಬುಡಕ್ಕೆ ಸುರಿದು ಅಲ್ಲೇ ಕೂತು ಅತ್ತೆ.

ಕೇರಿಯ ಯಜಮಾನಿಕೆಯ ಗುರಿಕಾರ ಚಂದಯ್ಯಮಾವ ಮೊದಲು ಉರಿದುಬಿದ್ದರು. "ಕೊಟ್ಟಿಗಿಯೊಳ್ಗೆ ಹೆಂಗ್ಸ್ರ್ ಕಾಲಿಡುಕಾಗ" ಎಂದರು. ಜಲಜ ಬಿಟ್ಟಾಳಾ? "ಬಲೆಯೇ ಇಲ್ದ್ ಮೇಲೆ ಎಂತ ಬಲೆ ಕೊಟ್ಟಿಗಿ ಮಾವಾ?" ಎಂದಳು. ಮಾವನಿಗೂ ನಗು ಬಂತು. ಒಪ್ಪಿದರು, ಆದರೆ ಕಟ್ಟಳೆ ಬಿಡಲಿಲ್ಲ. ಅಲ್ಲಿ ಮನೆಗೊಂದು ಗೂಟ, ಗೂಟಕ್ಕೊಂದು ದೋಣಿಯ ಹುಟ್ಟು. ಹುಟ್ಟು ತೂಗುವಷ್ಟು ದಿನ ಆ ಮನೆಯ ಹಕ್ಕು. ಎಲ್ಲ ಮನೆಯವರೂ ತಮ್ಮ ಕೈಯಾರೆ ಇಳಿಸಿಕೊಂಡ ಮೇಲೆಯೇ ಕೊಟ್ಟಿಗೆ ಬೇರೆ ಕೆಲಸಕ್ಕೆ. ಎಲ್ಲರೂ ಇಳಿಸಿದರು. ನಮ್ಮ ಮನೆಯ ಗೂಟದಲ್ಲಿ ನಿನ್ನದೊಂದೇ ಉಳಿದಿದೆ.

ಹುಟ್ಟನ್ನು ಮನೆಗೆ ತಂದಿಡಲಾ ಎಂದು ಕೇಳಿದ್ದಕ್ಕೆ ಆಷಾಢದಲ್ಲಿ ನೀನು ಬರೆದದ್ದು ಮರೆತಿಲ್ಲ, "ನನ್ ಹುಟ್ ಮುಟ್ಬೇಡಿ, ಅದ್ ಇದ್ರೆ ಊರೊಳ್ಗೆ ನಂಗೂ ಒಂದ್ ಜಾಗ." ಓದಿ ಕರುಳು ಚುರ್ ಎಂದಿತು. ನಿನ್ನ ಜಾಗ ಗೂಟದಲ್ಲಿದೆಯಾ ಹುಚ್ಚಪ್ಪಾ? ಅಮ್ಮ ಈಗಲೂ ಮೀನಿನ ತಲೆ ನಿನಗೆಂದು ತೆಗೆದಿಡುತ್ತಾಳೆ, ಆಮೇಲೆ ನೆನಪಾಗಿ ಬೆಕ್ಕಿಗೆ ಹಾಕುತ್ತಾಳೆ. ಬೆಕ್ಕು ನಿನ್ನ ಹೆಸರಿನಲ್ಲಿ ದಪ್ಪಗಾಗಿದೆ. ಆದರೂ ನಿನ್ನ ಮನಸ್ಸು ನೋಯಿಸಿ ಈ ಕೆಲಸ ಬೇಡ. ಇಳಿಸಿ ಎಂದು ಒಂದು ಸಾಲು ಬರೆ. ಅಲ್ಲಿಯವರೆಗೆ ಕಾಯುತ್ತೇವೆ.

ಅಮ್ಮ ನಿನ್ನನ್ನು ದಿನಾ ಕೇಳುತ್ತಾಳೆ. ಎಲ್ಲಿದ್ದರೂ ಕಡಲಮ್ಮ ನಿನ್ನ ಕೈ ಬಿಡದಿರಲಿ.

ನಿನ್ನ ಅಕ್ಕ,
ವನಜ

ಮತ್ತೆ ಬರೆದದ್ದು: ಕಾಗದ ಅಂಟಿಸುವಷ್ಟರಲ್ಲಿ ಜಲಜ ಓಡಿ ಬಂದಳು. ಯಾರಿಗೂ ಹೇಳದೆ ಐಸಿನ ಲಾರಿ ತರಿಸಿಯೇ ಬಿಟ್ಟಿದ್ದಾಳೆ, ಹಾಳಾದವಳು! ನಿನ್ನ ಉತ್ತರಕ್ಕೆ ನಾವು ಕಾಯಬಹುದು, ಐಸು ಕಾಯುತ್ತದಾ? ಹೋಗಿ ನೋಡಿದರೆ ಲಾರಿಯಿಂದ ನೀರು ಸುರಿಯುತ್ತಿದೆ, ಎಲ್ಲರೂ ನಿನ್ನ ಹುಟ್ಟು ನೋಡುತ್ತ ನಿಂತಿದ್ದಾರೆ. ಚಂದಯ್ಯಮಾವ "ಆ ಮನಿ ಕೈಯೇ ಬೇಕ್" ಎಂದು ನನ್ನ ಕಡೆ ತಿರುಗಿ ದಾರಿ ಬಿಟ್ಟರು. ನಾನೇ ಒಳಗೆ ಹೋಗಿ ಇಳಿಸಿದೆ ತಮ್ಮಾ. ಅಳು ಬಂತು. ಆದರೆ ಮನೆಗೆ ತರಲಿಲ್ಲ. ಕೊಟ್ಟಿಗೆಯ ಜೋಡಿ ಬಾಗಿಲಿಗೆ ಅಗಳಿ ಇರಲಿಲ್ಲ, ನಿನ್ನ ಹುಟ್ಟನ್ನೇ ಹೊರಗಿನಿಂದ ಅಡ್ಡ ಕೊಟ್ಟೆವು, ಒಂದು ಚೂರೂ ಕೊಯ್ಯದೆ. ಇನ್ನು ಗುರಿಕಾರರೇ ಬರಲಿ, ನಿನ್ನ ಹುಟ್ಟು ಎತ್ತದೆ ಒಳಗೆ ಹೋಗುವಂತಿಲ್ಲ. ಖಾಲಿ ಗೂಟಕ್ಕೆ ನನ್ನ ಬುಟ್ಟಿ ಸಿಕ್ಕಿಸಿದ್ದೇನೆ. ಬೈಯುವುದಿದ್ದರೆ ಕಾಗದದಲ್ಲಿ ಬೇಡ, ಊರಿಗೆ ಬಂದೇ ಬೈ.